ನಡೀತಾ ಇದೆಯಲ್ಲ

ಜೂನ್ ೪

ಪುಟ್ಟಿ,

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದು ಗೊತ್ತು. ಅಂಚೆಯವನನ್ನು ಬ್ಲಾಕ್ ಮಾಡುವುದಕ್ಕೆ ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವುದಾದರೆ ಓದಿ ಹರಿ. ನಿನ್ನ ಬೇಕರಿಯ ವಿಳಾಸ ಕೊಟ್ಟಿದ್ದು ಚಿಕ್ಕಮ್ಮ, ನಾನೇ ಬೆನ್ನು ಬಿದ್ದು ಇಸಿದುಕೊಂಡೆ. ಅವಳನ್ನು ಬಯ್ಯಬೇಡ.

ಅಮ್ಮನಿಗೆ ಎಂದಿನಂತೆ ರಕ್ತ ಹಾಕಿಸಿಕೊಂಡು ಬರುತ್ತಿದ್ದೇನೆ. ಹಾಕಿಸಿದ ಮಾರನೇ ದಿನ ಮುಖಕ್ಕೆ ಕಳೆ ಬರುತ್ತದೆ, ಅಡುಗೆಮನೆಗೆ ನುಗ್ಗಿ ನಾನು ಜೋಡಿಸಿಟ್ಟ ಡಬ್ಬಿಗಳನ್ನೆಲ್ಲ ಅದಲುಬದಲು ಮಾಡುತ್ತಾಳೆ. ಸಕ್ಕರೆ ಹುಡುಕುವುದರಲ್ಲಿ ನನಗೆ ಸಾಕುಸಾಕಾಗುತ್ತದೆ. ಮತ್ತೆರಡು ವಾರಕ್ಕೆ ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಅವಳ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತಮೇಲೆ ಇನ್ನು ಬದುಕೆಲ್ಲ ಹೀಗೇ, ಅದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಬರೆಯುತ್ತಿರುವುದು ಅದಕ್ಕಲ್ಲ. ಆಸ್ಪತ್ರೆಯ ಸರ್ವರ್ ಮಧ್ಯೆ ಮಧ್ಯೆ ಗರ ಬಡಿದಂತೆ ನಿಂತುಬಿಡುತ್ತಿದೆ.

ಹೋದ ತಿಂಗಳು ಹೊಸ ಆಡಳಿತಾಧಿಕಾರಿ ಬಂದರು. ನೆಲಮಾಳಿಗೆಗೆ ಇಳಿದು ಎರಡು ಸರ್ವರ್ ಇರುವ ನಮ್ಮ ಕೋಣೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಎಲೆಕ್ಟ್ರಿಷಿಯನ್ ಮಾಮ ಶುರು ಮಾಡಿದರು. ‘ಇವೆರಡೂ ಜೋಡೆತ್ತು ಸಾರ್. ಎಡದ್ದು ಎಳೆಯುತ್ತೆ, ಬಲದ್ದು ಪಕ್ಕದಲ್ಲೇ ಹೆಜ್ಜೆ ಹಾಕ್ತಿರುತ್ತೆ. ಎಡದ್ದು ಕುಸಿದ್ರೆ ಬಲದ್ದು ಹೆಗಲು ಕೊಡುತ್ತೆ. ಗಾಡೀಲಿ ಕೂತೋರಿಗೆ ಗೊತ್ತೂ ಆಗಲ್ಲ.’ ಸಾಹೇಬರು ಖುಷಿಯಾಗಿ ಮಾರನೇ ವಾರವೇ ಮುಂಬಾಗಿಲಲ್ಲಿ ಒಂದು ಬೋರ್ಡು ಹಾಕಿಸಿದರು. ನಮ್ಮ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಒಂದು ದಿನವೂ ನಿಂತಿಲ್ಲ ಅಂತ. ಯಾರ ಕಣ್ಣು ಬಿತ್ತೋ!

ನಿನ್ನೆ ಅಮ್ಮನ ಸರದಿ. ನಾನು ಕೆಳಗಿದ್ದೆ. ರಕ್ತನಿಧಿಯ ಡಾಕ್ಟರಮ್ಮ ತಾವೇ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಬ್ಯಾಗು. ‘ಇದು ನಿಮ್ಮಮ್ಮನಿಗೆ ಅಂತ ತೆಗೆದಿದ್ದು. ಹಾಕಬಹುದೋ ಬಾರದೋ ಅಂತ ನಿಮ್ಮ ಯಂತ್ರ ಹೇಳ್ತಾನೇ ಇಲ್ಲ. ಎಷ್ಟು ಹೊತ್ತು ಹಿಡ್ಕೊಂಡು ನಿಂತಿರಲಿ?’ ಅಂದರು. ನಾನು ಪರದೆ ನೋಡಿದೆ. ಎಲ್ಲ ಹಸಿರು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ತಾನಾಗಿಯೇ ಸರಿಹೋಯಿತು. ಡಾಕ್ಟರಮ್ಮ ಬ್ಯಾಗು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು.

ಬರೀ ಗುಂಪು ಹೊಂದಿದರೆ ಅಮ್ಮನಿಗೆ ಸಾಲದಲ್ಲ. ಇಷ್ಟು ವರ್ಷ ಪರರ ರಕ್ತ ಪಡೆದೂ ಪಡೆದೂ ಅವಳ ರಕ್ತಕ್ಕೆ ಕೆಲವು ಥರದ ರಕ್ತದ ಮೇಲೆ ಮುನಿಸು ಹುಟ್ಟಿದೆ. ಆ ಮುನಿಸು ಒಮ್ಮೊಮ್ಮೆ ಪರೀಕ್ಷೆಗೆ ಸಿಗದ ಹಾಗೆ ಅಡಗಿ ಕೂತಿರುತ್ತದೆ. ಅಂಥ ರಕ್ತ ಒಳಗೆ ಹೋಯಿತೋ, ಎದ್ದು ಬಂದು ಇದ್ದಬದ್ದದ್ದನ್ನೆಲ್ಲ ಒಡೆದು ಹಾಕುತ್ತದೆ. ಯಾವುದರ ಮೇಲೆ ಮುನಿಸು ಅಂತ ನೆನಪಿಟ್ಟುಕೊಂಡಿರುವುದು ಈ ಯಂತ್ರ ಒಂದೇ. ಮೊದಲು ರೋಗಿಗಳ ಕೈಗೆ ಕಾರ್ಡು ಕೊಡುತ್ತಿದ್ದರು, ಎಲ್ಲ ಕಂಪ್ಯೂಟರಲ್ಲಿದೆಯಲ್ಲ ಅಂತ ಅದನ್ನೂ ನಿಲ್ಲಿಸಿದರು. ಇದೆಲ್ಲ ನಿನಗೆ ಹೇಳಬೇಕಾದದ್ದಲ್ಲ. ಬರೆಯುತ್ತಿದ್ದರೆ ಭಯ ಕಡಿಮೆಯಾಗುತ್ತದೆ ಅಂತ ಬರೆದೆ.

ನೀನು ಇಲ್ಲಿ ನನ್ನ ಜೊತೆ ಕೆಲಸಕ್ಕಿದ್ದಾಗ ಯಾವತ್ತಾದರೂ ಹೀಗೆ ನಿಂತಿತ್ತೇ? ಒಂದೇ ಒಂದು ಸಾಲು ಬರೆ. ಬೈದಾದರೂ ಬರೆ.

ಅಕ್ಕ


ಜುಲೈ ೧೧

ಪುಟ್ಟಿ,

ಉತ್ತರ ಬರಲಿಲ್ಲ. ಇರಲಿ. ಈ ಸಲ ನಾನೇ ಬಯ್ಯಬೇಕು ಅಂತ ಕೂತಿದ್ದೇನೆ.

ಎಡದ ಎತ್ತು ಸತ್ತು ಬಿದ್ದಿದೆ. ಇವತ್ತಲ್ಲ, ನಿನ್ನೆಯಲ್ಲ. ಯಾವ ಕಾಲದಲ್ಲೋ! ಕರೆಂಟು ಹರಿಯುತ್ತಿದೆ, ಫ್ಯಾನು ತಿರುಗುತ್ತಿದೆ, ಮುಂದಿನ ದೀಪ ಹಸಿರಾಗಿ ಉರಿಯುತ್ತಲೂ ಇದೆ. ಒಳಗೆ ಉಸಿರಿಲ್ಲ. ಎಲ್ಲ ಭಾರವನ್ನೂ ಬಲದ್ದು ಒಂದೇ ಎಳೆಯುತ್ತಿದೆ. ವಾರ್ಡಿನಲ್ಲಿ, ಔಷಧದ ಕಿಟಕಿಯಲ್ಲಿ, ರಕ್ತನಿಧಿಯಲ್ಲಿ ಯಾರೊಬ್ಬರ ಪರದೆಯೂ ಒಂದು ದಿನ ನಿಂತಿರಲಿಲ್ಲ, ಹಾಗಾಗಿ ಯಾರೂ ಬಗ್ಗಿ ನೋಡಲೇ ಇಲ್ಲ. ಈಗ ಅದಕ್ಕೂ ಸುಸ್ತು ಹಿಡಿದಿದೆ. ಅದರ ಡಿಸ್ಕು ಸವೆದಿದೆ. ಮಧ್ಯೆ ಮಧ್ಯೆ ನಿಲ್ಲುತ್ತಿರುವುದು ಅದಕ್ಕೇ.

ಒಂದು ಸತ್ತರೆ ಕೂಗಿಕೊಳ್ಳಲಿ ಅಂತ ಗೋಡೆಯ ಮೇಲೆ ಒಂದು ಬಜರ್ ಇದೆ, ನೆನಪಿದೆ ತಾನೇ? ಸ್ಟೂಲು ಹತ್ತಿ ನೋಡಿದೆ. ಅದರ ಬಾಯಿಗೆ ಹತ್ತಿ ತುರುಕಿ ಮೇಲೆ ಪ್ಲಾಸ್ಟರ್ ಅಂಟಿಸಿದ್ದಾರೆ. ಸೂಜಿ ಚುಚ್ಚಿದ ಜಾಗಕ್ಕೆ ಅಂಟಿಸುತ್ತಾರಲ್ಲ, ಅದೇ ಪ್ಲಾಸ್ಟರ್. ಕೀಳುವಾಗ ನೋಯಬಾರದು ಅಂತ ಒಂದು ಅಂಚನ್ನು ಮಡಿಸಿ ಅಂಟಿಸುವವರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೆ? ಅಮ್ಮನ ಕೈಗೆ ಹಾಗೆ ಅಂಟಿಸುತ್ತಿದ್ದವಳು ನೀನೊಬ್ಬಳೇ.

ಮನೆ ಬಿಟ್ಟು ಹೋದೆ, ಸರಿ. ನನ್ನ ಮೇಲಿನ ಸಿಟ್ಟನ್ನು ಆ ಗೋಡೆಯ ಮೇಲೆ ಯಾಕೆ ತೀರಿಸಿಕೊಂಡೆ? ಅದರಲ್ಲಿ ಅಮ್ಮನ ಜೀವವೂ ಇದೆ ಅಂತ ಒಂದು ಸಲವೂ ಅನ್ನಿಸಲಿಲ್ಲವೇ? ನೀನು ಇಷ್ಟು ಕಲ್ಲು ಮನಸ್ಸಿನವಳು ಅಂತ ನನಗೆ ಗೊತ್ತಿರಲಿಲ್ಲ.

ಅಕ್ಕ


ಜುಲೈ ೨೩

ಅಕ್ಕ,

ಮೊದಲ ಕಾಗದಕ್ಕೆ ಉತ್ತರ ಬರೆಯಬೇಕು ಅಂತಲೇ ಇದ್ದೆ. ಎರಡನೆಯದು ಬಂದು ಆ ಕಷ್ಟ ತಪ್ಪಿಸಿತು.

ಹೌದು, ಅಂಟಿಸಿದ್ದು ನಾನೇ. ಯಾಕೆ ಅಂಟಿಸಿದೆ ಅಂತಲೂ ಕೇಳು. ಅಮ್ಮನಿಗೆ ರಕ್ತ ಹಾಕಿಸಿದ ಮೇಲೆ ಆ ಸೆಖೆಯಲ್ಲಿ ಕರೆದುಕೊಂಡು ಹೋಗುವುದು ಬೇಡ ಅಂತ ನಮ್ಮ ತಣ್ಣನೆಯ ಕೋಣೆಗೆ ತಂದು ನನ್ನ ಕುರ್ಚಿಯಲ್ಲಿ ಮಲಗಿಸುತ್ತಿದ್ದೆವಲ್ಲ. ಆ ಬಜರ್ ಆಗ ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಸಮ ಅರಚುತ್ತಿತ್ತು. ಬಾಗಿಲು ತೆರೆದರೆ ಅರಚು, ಎ.ಸಿ. ಕೆಮ್ಮಿದರೆ ಅರಚು. ಒಂದು ದಿನ ಅಮ್ಮ ಬೆಚ್ಚಿ ಬಿದ್ದು ಎದ್ದಳು. ಕೀಬೋರ್ಡಿನಿಂದ ತಲೆಯನ್ನೂ ಎತ್ತದೆ ನೀನು ಅಂದಿದ್ದು ನನಗೆ ಹಾಗೇ ಕಿವಿಯಲ್ಲಿದೆ. ‘ಅದರ ಬಾಯಿ ಮುಚ್ಚಿಸೇ ಪುಟ್ಟಿ, ಪುಣ್ಯ ಬರುತ್ತೆ.’ ಮುಚ್ಚಿಸಿದೆ. ಸಂಜೆ ಕೀಳಲಾ ಅಂತ ಕೇಳಿದೆ. ‘ಇರಲಿ ಬಿಡು, ನೆಮ್ಮದಿಯಾಗಿದೆ’ ಅಂತ ನೀನೇ ಅಂದೆ.

ಎಡದ್ದು ಸತ್ತಿದ್ದೂ ನನಗೆ ಗೊತ್ತಿತ್ತು. ಸತ್ತ ವಾರವೇ ನಿನಗೆ ಹೇಳಿದ್ದೆ. ನೀನು ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಿಂಡಿ ತಿನ್ನುತ್ತಿದ್ದೆ. ‘ನಡೀತಾ ಇದೆಯಲ್ಲ ಪುಟ್ಟಿ. ಆಮೇಲೆ ನೋಡೋಣ’ ಅಂದೆ. ಅದನ್ನೂ ಮರೆತಿರುತ್ತೀಯ. ಕೇಳಿಸಿಕೊಂಡಿದ್ದರೆ ತಾನೇ ಮರೆಯುವುದಕ್ಕೆ?

ಇನ್ನೊಂದನ್ನೂ ಬರೆದುಬಿಡುತ್ತೇನೆ, ಅರ್ಧಕ್ಕೆ ನಿಲ್ಲಿಸುವುದು ಯಾಕೆ? ಮನೆಯಲ್ಲಿ ಅಮ್ಮನ ಬಚ್ಚಲು, ಬಟ್ಟೆ, ಮಾತ್ರೆ, ರಕ್ತದ ದಿನ ಇಡೀ ಹೊತ್ತು ಮಂಚದ ಪಕ್ಕ ಕೂರುವುದು, ಎಲ್ಲ ನಾನೇ ಮಾಡುತ್ತಿದ್ದೆ. ಅದರ ಜೊತೆಗೆ ನಿನ್ನ ಕೋಣೆಯ ಕೆಲಸ. ಆಗುತ್ತಿಲ್ಲ ಅಕ್ಕ ಅಂತ ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತ ದಿನ ನೀನು ಏನಂದೆ ನೆನಪಿದೆಯೇ? ಅದೇ ಮಾತು. ‘ಎಲ್ಲ ನಡೀತಾ ಇದೆಯಲ್ಲ.’ ನಡೆಯುತ್ತಿತ್ತು, ಯಾಕೆಂದರೆ ನಾನು ನಿಂತಿರಲಿಲ್ಲ. ನಿಂತರೆ ಮಾತ್ರ ನಿನಗೆ ಗೊತ್ತಾಗುವುದು ಅಂತ ತಿಳಿದ ಮೇಲೆ ನಾನು ಚೀಲ ತುಂಬಿಕೊಂಡೆ.

ಇಲ್ಲಿ ಹಿಟ್ಟು ನಾದುತ್ತೇನೆ. ಒಲೆ ಆರಿದರೆ ಬೇಕರಿಯವರಿಗೆಲ್ಲ ತಕ್ಷಣ ಗೊತ್ತಾಗುತ್ತದೆ. ಬ್ರೆಡ್ಡು ಸೀದರೆ ಬೀದಿಗೇ ಗೊತ್ತಾಗುತ್ತದೆ. ಅದೇ ಇಲ್ಲಿಯ ಸುಖ.

ಅಮ್ಮನ ಹತ್ತಿರ ನನ್ನ ವಿಷಯ ಎತ್ತಬೇಡ. ಅವಳೇ ಕೇಳಿದರೆ ಚೆನ್ನಾಗಿದ್ದಾಳೆ ಅಂತ ಹೇಳು.

ನಿನ್ನ ತಂಗಿ


ಆಗಸ್ಟ್ ೨

ಪುಟ್ಟಿ,

ನಿನ್ನ ಕಾಗದಕ್ಕೆ ಎದುರು ವಾದಿಸಲಾರೆ. ಓದಿ ಮುಗಿಸಿದಾಗ ಕೆನ್ನೆ ಕಾದಿತ್ತು. ಅದನ್ನು ಮಡಿಸಿ ಅಮ್ಮನ ಮಾತ್ರೆ ಡಬ್ಬಿಯ ಕೆಳಗಿಟ್ಟಿದ್ದೇನೆ, ದಿನಾ ಕಣ್ಣಿಗೆ ಬೀಳಲಿ ಅಂತ. ಈಗ ಬೇರೆ ಮಾತು ಕೇಳು.

ಪ್ರತಿದಿನ ದಾಖಲೆಗಳ ಒಂದು ನಕಲು ತಾನಾಗಿಯೇ ಪಕ್ಕಕ್ಕೆ ಹೋಗಿ ಕೂರುತ್ತದೆ ಅಂತ ಧೈರ್ಯವಾಗಿದ್ದೆ. ಬೆಳಿಗ್ಗೆ ಬೆಳಿಗ್ಗೆ ‘ನಕಲು ಶುರುವಾಗಿದೆ’ ಅಂತ ಸಂದೇಶ ಬರುತ್ತಿತ್ತು, ಅದನ್ನು ನೋಡಿಯೇ ನಾನು ಕಾಫಿ ಕುಡಿಯುತ್ತಿದ್ದೆ. ಮುಗಿದಿದೆ ಅಂತ ಅದು ಎಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ನಕಲು ಹೋಗುತ್ತಿದ್ದದ್ದು ಎಲ್ಲಿಗೆ ಗೊತ್ತೇ? ಎಡದ ಎತ್ತಿಗೆ. ಹೆಣಕ್ಕೆ ಉಣಿಸುತ್ತ ಕೂತಿದ್ದೆ ಪುಟ್ಟಿ.

ಈಗ ಎಲ್ಲ ಇರುವುದು ಬಲದ್ದರ ಆ ಸವೆದ ಡಿಸ್ಕಿನಲ್ಲಿ ಮಾತ್ರ. ಸರ್ವರ್ ಕಂಪನಿಯವನು ಬಂದಿದ್ದ. ಒಳ್ಳೆಯ ಮನುಷ್ಯ, ಬಚ್ಚಿಡಲಿಲ್ಲ. ಪೂರ್ತಿ ಡಿಸ್ಕನ್ನು ಒಟ್ಟಿಗೇ ನಕಲು ಮಾಡಲು ಹೊರಟರೆ ಆ ಶ್ರಮಕ್ಕೇ ಅದು ಸಾಯಬಹುದಂತೆ. ಸುಮ್ಮನೆ ಬಿಟ್ಟರೂ ಸಾಯುತ್ತದಂತೆ, ಯಾವಾಗ ಅಂತ ಮಾತ್ರ ಹೇಳಲಾರನಂತೆ. ಹೊಸ ಯಂತ್ರ ದಾರಿಯಲ್ಲಿದೆ ಅನ್ನುತ್ತಾನೆ. ಅದು ಯಾವ ದಾರಿಯೋ, ಮುಗಿಯುವ ಹಾಗೆ ಕಾಣುವುದಿಲ್ಲ.

ಸಾಹೇಬರ ಹತ್ತಿರ ಹೋದೆ. ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ಸ್ವಲ್ಪ ದಿನ ನಿಲ್ಲಿಸೋಣ, ಭಾರ ಇಳಿಸೋಣ ಅಂತ ಕೈಮುಗಿದು ಕೇಳಿದೆ. ಅವರು ಕಿಟಕಿಯಿಂದ ಮುಂಬಾಗಿಲಿನ ಬೋರ್ಡನ್ನು ಒಮ್ಮೆ ನೋಡಿ, ನನ್ನನ್ನು ನೋಡಿ, ‘ಯಾಕಮ್ಮಾ ಗಾಬರಿ? ನಡೀತಾ ಇದೆಯಲ್ಲ?’ ಅಂದರು.

ಆ ಮಾತು ಎದುರಿನವರ ಬಾಯಿಂದ ಬಂದರೆ ಹೇಗಿರುತ್ತದೆ ಅಂತ ಆಗ ತಿಳಿಯಿತು.

ರಕ್ತನಿಧಿಯ ದಾಖಲೆ ಆ ಡಿಸ್ಕಿನ ಯಾವ ಮೂಲೆಯಲ್ಲಿದೆ, ಹೇಗೆ ಕೈಹಾಕಿದರೆ ನೋವಾಗದೆ ಹೊರಗೆ ಬರುತ್ತದೆ ಅಂತ ಬಲ್ಲವಳು ನೀನು. ಆ ಭಾಗವನ್ನು ಕೂರಿಸಿದವಳೇ ನೀನಲ್ಲವೇ? ಬಾ. ನಿನ್ನ ಕಾಲು ಹಿಡಿಯುತ್ತೇನೆ. ನನಗಾಗಿ ಬೇಡ. ಅಮ್ಮನ ಹಾಗೆ ಮುನಿಸು ಹೊತ್ತ ರಕ್ತದವರು ಒಂದು ವಾರ್ಡಿನ ತುಂಬ ಇದ್ದಾರೆ.

ಅಕ್ಕ


ಆಗಸ್ಟ್ ೯

ಅಕ್ಕ,

ಬರಲಾರೆ. ಬಂದರೆ ಮತ್ತೆ ಅದೇ ಮನೆ, ಅದೇ ಮಂಚ, ನೀನು ಅದೇ ನೆಲಮಾಳಿಗೆ. ಬೇಡ. ಆದರೆ ದಾರಿ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೋ. ಈ ಸಲವಾದರೂ.

ಡಿಸ್ಕನ್ನು ನಕಲು ಮಾಡುವ ಗೋಜಿಗೇ ಹೋಗಬೇಡ. ಬಲದ್ದು ದಿನಾ ಮಾಡುವ ಕೆಲಸವನ್ನೇ ಅದರ ಹತ್ತಿರ ಮಾಡಿಸು. ರಕ್ತನಿಧಿಯ ಪರದೆಯಲ್ಲಿ ಒಬ್ಬೊಬ್ಬರೇ ರೋಗಿಯ ಪುಟ ತೆರೆಯಿರಿ. ಒಬ್ಬರು ಓದಿ ಹೇಳಲಿ, ಒಬ್ಬರು ಕೈಯಲ್ಲಿ ಬರೆದುಕೊಳ್ಳಲಿ. ಹೆಸರು, ಗುಂಪು, ಯಾವುದರ ಮೇಲೆ ಮುನಿಸು, ಅಷ್ಟೇ. ಹಳೆಯ ಕಾರ್ಡುಗಳ ಕಟ್ಟು ರಕ್ತನಿಧಿಯ ಬೀರುವಿನ ಮೇಲ್ಗಡೆ ಇನ್ನೂ ಇರಬೇಕು, ಹುಡುಕು. ಒಂದು ಪುಟ ತೆರೆದ ಮೇಲೆ ಅದಕ್ಕೆ ಉಸಿರಾಡಲು ಬಿಡಿ. ಅವಸರ ಮಾಡಬೇಡಿ. ಬೇರೆ ಕೆಲಸ ಏನಿದ್ದರೂ ಆ ಹೊತ್ತಿಗೆ ನಿಲ್ಲಿಸು. ಸಾಹೇಬರನ್ನು ಕೇಳಬೇಡ. ಎಲೆಕ್ಟ್ರಿಷಿಯನ್ ಮಾಮನಿಗೆ ಹೇಳು, ಎಲ್ಲಿಯ ವೈರು ಸಡಿಲ ಮಾಡಬೇಕೋ ಅವರಿಗೆ ಗೊತ್ತು.

ಯಾರಿಗೆ ಬೇಗ ರಕ್ತ ಬೇಕೋ ಅವರದು ಮೊದಲು. ಅಮ್ಮನದನ್ನು ಎಲ್ಲರಿಗಿಂತ ಕೊನೆಗೆ ಇಡು. ಅದು ಹೋದರೂ ಚಿಂತೆಯಿಲ್ಲ, ನನಗೆ ಬಾಯಿಪಾಠ. ಅವಳ ರಕ್ತದ ಮುನಿಸು ಈ ಮೂರರ ಮೇಲೆ, ಕೆಲ್, ಡಫಿ, ಕಿಡ್. ಪಕ್ಕದ ಮನೆಯ ಮೂರು ತುಂಟ ಮಕ್ಕಳ ಹೆಸರಿನ ಹಾಗಿದೆ ಅಂತ ನಾನೂ ಅಮ್ಮನೂ ನಗುತ್ತಿದ್ದೆವು. ಡಫಿ ಇವತ್ತು ಬಂದಿದ್ದನೇನೇ ಅಂತ ಅಮ್ಮ ಡಾಕ್ಟರಮ್ಮನನ್ನೇ ಕೇಳುತ್ತಿದ್ದಳು.

ಅಮ್ಮ ಈಗಲೂ ನಗುತ್ತಾಳಾ?

ಪುಟ್ಟಿ


ಸೆಪ್ಟೆಂಬರ್ ೫

ಪುಟ್ಟಿ,

ವಾರ್ಡಿನಲ್ಲಿ ಅಮ್ಮನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಬೇಸರ ಮಾಡಿಕೊಳ್ಳಬೇಡ. ಒಂದು ಕೈಯನ್ನು ಅಮ್ಮ ಬಿಡುತ್ತಿಲ್ಲ.

ನೀನು ಹೇಳಿದ್ದನ್ನೆಲ್ಲ ಹಾಗೇ ಮಾಡಿದೆವು. ಕಾರ್ಡಿನ ಕಟ್ಟು ಬೀರುವಿನ ಮೇಲೇ ಇತ್ತು, ಧೂಳು ಹಿಡಿದು. ಮಾಮ ಯಾವ ವೈರು ಸಡಿಲ ಮಾಡಿದರೋ, ಕೆಳಗಿನ ಕೌಂಟರುಗಳ ಕಂಪ್ಯೂಟರ್ ಪರದೆಗಳೆಲ್ಲ ಒಟ್ಟಿಗೇ ಕಪ್ಪಾದವು. ಸಾಹೇಬರು ಓಡಿ ಬಂದಾಗ ಮಾಮ ಟಾರ್ಚು ಹಿಡಿದು ಇಲಿ ಕಡಿದಿದೆ ಸಾರ್ ಅಂದರು, ಆ ಕೋಣೆಯಲ್ಲಿ ಇಲಿಗೆ ತಿನ್ನಲು ಏನಿದೆ ಅಂತ ಕೇಳಬೇಕು ಅಂತ ಅವರಿಗೂ ಹೊಳೆಯಲಿಲ್ಲ. ಡ್ಯೂಟಿ ಮುಗಿದ ನರ್ಸುಗಳು ಮನೆಗೆ ಹೋಗದೆ ಬಂದು ಕೂತರು. ಡಾಕ್ಟರಮ್ಮ ಓದಿ ಹೇಳಿದರು, ಅವರು ಬರೆದುಕೊಂಡರು. ಒಂದೊಂದು ಪುಟ ತೆರೆಯುವಾಗಲೂ ಎಲ್ಲರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಪುಟ ಬಂತೆಂದರೆ ಮನೆಗೆ ಯಾರೋ ಸುಖವಾಗಿ ತಲುಪಿದ ಹಾಗೆ ಸಮಾಧಾನ.

ಮಧ್ಯದಲ್ಲಿ ಒಮ್ಮೆ ಡಾಕ್ಟರಮ್ಮ ಅಮ್ಮನ ಹೆಸರಿನ ಮೇಲೆ ಬೆರಳಿಟ್ಟು, ‘ನಿಮ್ಮದೂ ಬರೆದುಕೊಂಡುಬಿಡೋಣ್ವಾ? ಯಾರೂ ಏನೂ ಅನ್ನಲ್ಲ’ ಅಂದರು. ಬೇಡ ಡಾಕ್ಟ್ರೇ, ನಮ್ಮದು ನಮಗೆ ಬಾಯಿಪಾಠ ಅಂತ ನಾನೇ ತಡೆದೆ. ಹೆಮ್ಮೆಯಿಂದ ಹೇಳಿದೆ ಕಣೇ.

ಕೊನೆಗೆ ಬೆರಳೆಣಿಕೆಯಷ್ಟು ಹೆಸರು ಉಳಿದಿದ್ದಾಗ ಪರದೆ ನಿಂತಿತು. ಕಾದೆವು. ಮತ್ತೆ ಏಳಲಿಲ್ಲ. ಕೆಳಗಿಳಿದು ನೋಡಿದರೆ ಬಲದ್ದು ಟಿಕ್ ಟಿಕ್ ಅಂತ ಶಬ್ದ ಮಾಡುತ್ತ ಇತ್ತು, ಆಮೇಲೆ ಅದೂ ಇಲ್ಲ. ಉಳಿದ ಕೆಲವರು ಯಾರೆಂದರೆ ರೋಗ ವಾಸಿಯಾಗಿ ಬರುವುದನ್ನೇ ನಿಲ್ಲಿಸಿದವರು, ಮತ್ತೆ ಅಮ್ಮ. ನಾನು ಅಳಲಿಲ್ಲ. ನಕ್ಕೆ. ಗೆದ್ದೆವು ಅಂತ ಅಲ್ಲೇ ನರ್ಸನ್ನು ತಬ್ಬಿಕೊಂಡೆ.

ಆಮೇಲೆ ಖಾಲಿ ಕಾರ್ಡು ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿ ನಿನ್ನ ಕಾಗದ ತೋರಿಸಿದೆ. ಅವರು ಕೆಲ್ ಬರೆದರು, ಡಫಿ ಬರೆದರು, ಕಿಡ್ ಬರೆದರು. ಪೆನ್ನು ಅಲ್ಲೇ ನಿಂತಿತು.

‘ಮೂರೇನಾ? ಈ ವರ್ಷ ಇನ್ನೊಂದು ಸಿಕ್ಕಿತ್ತಲ್ಲ. ನಿಮಗೇ ಹೇಳಿದ್ದೆ.’

ಹೇಳಿದ್ದಾರೆ ಪುಟ್ಟಿ. ನನಗೆ ನೆನಪಾಯಿತು. ಹೇಳಿದ್ದು ನೆನಪಾಯಿತು, ಏನು ಹೇಳಿದರು ಅಂತ ನೆನಪಾಗಲಿಲ್ಲ. ನೀನು ಹೋದ ಮೇಲೆ ಅಮ್ಮನ ಪಕ್ಕ ಕೂರಬೇಕಾದವಳು ನಾನು. ಅವತ್ತು ಇದೇ ಮಂಚ, ಅಲ್ಲಿ ಡಾಕ್ಟರಮ್ಮ ನಿಂತಿದ್ದರು. ಅವರು ಮಾತಾಡುತ್ತಿದ್ದಾಗ ನೆಲಮಾಳಿಗೆಯಿಂದ ಫೋನು ಬಂತು. ‘ಸರಿ ಡಾಕ್ಟ್ರೇ, ಸರಿ ಡಾಕ್ಟ್ರೇ’ ಅಂತ ತಲೆಯಾಡಿಸುತ್ತಲೇ ಮೆಟ್ಟಿಲಿಳಿದೆ. ಆ ಒಂದು ಪದ ನನ್ನ ಕಿವಿಗೆ ಬಿದ್ದಿದೆ, ತಲೆಗೆ ಹತ್ತಿಲ್ಲ. ಎಷ್ಟು ತಡಕಿದರೂ ನನಗೆ ಸಿಗುವುದು ಫೋನಿನ ರಿಂಗು ಮಾತ್ರ.

ಡಾಕ್ಟರಮ್ಮನಿಗೂ ಖಾತ್ರಿಯಿಲ್ಲ. ದಿನಕ್ಕೆ ಎಷ್ಟೋ ಜನರದು ನೋಡುತ್ತಾರೆ, ಹೆಸರು ಬಾಯಿಗೆ ಬರುತ್ತದೆ, ಅದು ಅಮ್ಮನದೋ ಪಕ್ಕದ ಮಂಚದವಳದೋ ಅಂತ ಆಣೆ ಮಾಡಿ ಹೇಳಲಾರರು. ಬರೆದಿಟ್ಟೆನಲ್ಲ ಅಂತ ತಾವೂ ಮನಸ್ಸಿನಿಂದ ತೆಗೆದುಹಾಕಿದರಂತೆ. ಮತ್ತೆ ಪರೀಕ್ಷೆ ಮಾಡಿದರು, ಏನೂ ಸಿಗಲಿಲ್ಲ. ಅಡಗಿ ಕೂತಿದ್ದರೆ ಸಿಗುವುದೂ ಇಲ್ಲವಂತೆ.

ಅಮ್ಮನನ್ನೇ ಕೇಳಿದೆ. ಡಾಕ್ಟರಮ್ಮ ಅವತ್ತು ನಾಲ್ಕನೆಯದರ ಹೆಸರು ಹೇಳಿದರಲ್ಲ, ನಿನಗೇನಾದರೂ ನೆನಪಿದೆಯಾ ಅಂತ. ಅಮ್ಮ ಕಣ್ಣು ಮುಚ್ಚಿ ಯೋಚಿಸಿದಳು.

‘ನೀನಿದ್ದೆಯಲ್ಲ ಅಂತ ನಾನು ಕಿವಿಗೊಡಲಿಲ್ಲ ಕಣೇ.’

ನಾನು ಹೊರಗೆ ಹೋಗಿ ಕೈತೊಳೆಯುವ ನಲ್ಲಿಯ ಹತ್ತಿರ ನಿಂತು ಗೋಡೆಗೆ ಹಣೆ ಚಚ್ಚಿಕೊಂಡೆ. ಮಾಮ ಬಂದು ಹಿಡಿದುಕೊಂಡರು.

ಕಾಯುವಷ್ಟು ಶಕ್ತಿ ಅಮ್ಮನಿಗೆ ಉಳಿದಿಲ್ಲ. ನಿನ್ನೆಯಿಂದ ಕೂತರೂ ಏದುಸಿರು, ತುಟಿಯಲ್ಲಿ ಬಣ್ಣವೇ ಇಲ್ಲ. ರಕ್ತದ ಮಾದರಿ ಕಳಿಸಿದ ದೊಡ್ಡ ಪ್ರಯೋಗಾಲಯದಿಂದ ಉತ್ತರ ಬರುವವರೆಗೂ ಹೀಗೇ ಬಿಟ್ಟರೆ ಉತ್ತರ ಬಂದಾಗ ಕೇಳಲು ಅವಳಿರುವುದಿಲ್ಲ ಅಂದರು. ಡಾಕ್ಟರಮ್ಮ ಆ ಮೂರೂ ಇಲ್ಲದ, ತಮಗೆ ಅನುಮಾನ ಬಂದ ಇನ್ನೊಂದೆರಡೂ ಇಲ್ಲದ ಒಂದು ಬ್ಯಾಗನ್ನು ಹುಡುಕಿ ತೆಗೆದಿದ್ದಾರೆ. ಅದನ್ನು ಈಗ ತಾನೇ ನೇತುಹಾಕಿದರು. ತೊಟ್ಟು ತೊಟ್ಟಾಗಿ ಇಳಿಯುತ್ತಿದೆ. ಇವತ್ತು ಏನೂ ಆಗದಿದ್ದರೂ ನಂಬುವ ಹಾಗಿಲ್ಲ, ಮುನಿಸು ಏಳುವುದು ವಾರ ಕಳೆದ ಮೇಲಂತೆ. ಕಣ್ಣು ಹಳದಿಯಾಗುತ್ತದೆಯಾ ಅಂತ ದಿನಾ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕಂತೆ.

ಹೊಸ ಯಂತ್ರ ಬಂದಿದೆ. ಕಂಪನಿಯವನು ಕೆಳಗೆ ಕಾಯುತ್ತಿದ್ದಾನೆ, ಸಾಹೇಬರು ಜನ ಕಳಿಸಿ ಕಳಿಸಿ ಕರೆಯುತ್ತಿದ್ದಾರೆ. ಬರುವುದಿಲ್ಲ ಅಂತ ಹೇಳಿ ಕಳಿಸಿದ್ದೇನೆ. ಬೆಳಿಗ್ಗೆ ನಾನು ಹತ್ತಿ, ಪ್ಲಾಸ್ಟರ್ ಕಿತ್ತು ಹಾಕಿದಾಗಿನಿಂದ ಆ ಬಜರ್ ಅರಚುತ್ತಲೇ ಇದೆ, ಮೆಟ್ಟಿಲು ಹತ್ತಿ ಇಲ್ಲಿಯವರೆಗೂ ಕೇಳಿಸುತ್ತಿದೆ. ಅರಚಿಕೊಳ್ಳಲಿ.

ಅಮ್ಮ ಕೇಳಿದಳು, ಯಾರಿಗೆ ಬರೀತಿದೀಯ ಅಂತ. ಪುಟ್ಟಿಗೆ ಅಂದೆ. ನೀನು ಹೋದ ಮೇಲೆ ಮೊದಲ ಸಲ ನಿನ್ನ ಹೆಸರಿಗೆ ಅವಳ ಮುಖ ಅರಳಿತು. ಕೈ ಎತ್ತಿ ನನ್ನ ಕಾಗದ ಮುಟ್ಟಿದಳು.

‘ಎಲ್ಲ ಸರಿಯಾಗಿ ನಡೀತಾ ಇದೆ ಅಂತ ಬರಿ. ಗಾಬರಿಯಾಗ್ತಾಳೆ ಮಗು.’

ಬರೆಯುವುದಿಲ್ಲ. ನಡೆಯುತ್ತಿಲ್ಲ ಪುಟ್ಟಿ. ನನ್ನ ಕೈಲಿ ಆಗುತ್ತಿಲ್ಲ. ಬಾ.

ಅಕ್ಕ